ಮಡಚದ ಮೊಣಕಾಲು

ಆಗ ನಾನು ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮನೆ ಭಾಲ್ಕಿಯಲ್ಲಿ, ದಿನಾ ಬಸ್ಸಿನ ಓಡಾಟ. ಹನ್ನೊಂದು ವರ್ಷದಲ್ಲಿ ಕೈ ಪಳಗಿತ್ತು, ನಾಲಿಗೆ ಅದಕ್ಕಿಂತ ಹೆಚ್ಚು. ವ್ಯಾಯಾಮ ತಪ್ಪಿಸಿದವರಿಗೆ ನನ್ನಿಂದ ಮಂಗಳಾರತಿ ಖಾತ್ರಿ.

ಔರಾದ್ ತಾಲ್ಲೂಕಿನ ಡಾಬಕಾದಿಂದ ಮಾಳಪ್ಪ ಎಂಬ ಕುರಿಗಾರರು ಬಂದರು. ವಯಸ್ಸು ಅರವತ್ತೆರಡು. ಟಗರು ಗುದ್ದಿ ಬಿದ್ದು ಟಿಬಿಯಲ್ ಪ್ಲೇಟೋ ಫ್ರ್ಯಾಕ್ಚರ್ ಆಗಿತ್ತು. ಅಂದರೆ ಮೊಣಕಾಲಿನ ಕೆಳಗಿನ ದೊಡ್ಡ ಎಲುಬು ಕೀಲಿಗೆ ಸೇರುವ ಜಾಗದಲ್ಲೇ ಒಡೆದಿತ್ತು. ಆಪರೇಶನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದ್ದರು. ಇಂಥ ಕಾಲಿನ ಮೇಲೆ ಭಾರ ಹಾಕಲು ಬಹಳ ದಿನ ಕಾಯಬೇಕು, ಆದರೆ ಮಡಚುವುದನ್ನು ಬೇಗ ಶುರು ಮಾಡದಿದ್ದರೆ ಕೀಲು ಬಿಗಿದುಬಿಡುತ್ತದೆ.

"ಕುಕ್ಕರಗಾಲಿಲೆ ಕೂಡಾಕ ಬರ್ತದಲ್ರಿ ಮೇಡಂ?" ಅವರು ಕೇಳಿದ್ದು ಅದೊಂದೇ. ಕುರಿ ಈಯುವಾಗ ಮರಿ ಅಡ್ಡ ಸಿಕ್ಕಿಕೊಂಡರೆ, ಕುಕ್ಕರಗಾಲಲ್ಲಿ ಕೂತು ಹೊರಗೆಳೆಯಲು ಸುತ್ತಲಿನ ಊರಿನವರೆಲ್ಲ ಅವರನ್ನೇ ಕರೆಯುತ್ತಿದ್ದರಂತೆ.

"ದಿನಾ ಮಡಚಿದ್ರ ಬರ್ತದ ಕಾಕಾ," ಎಂದೆ.

ಹೆಂಡತಿ ತೀರಿಕೊಂಡಿದ್ದರು, ಮಗ ಹಿಂಡಿನೊಂದಿಗೆ ದೂರ ಹೋಗಿದ್ದ. ಜೊತೆಗಿದ್ದವಳು ಸೊಸೆ ಸುರೇಖಾ. ಡಿಸ್ಚಾರ್ಜ್ ದಿನ, ಹಿಮ್ಮಡಿ ಹಿಡಿದು ಕಾಲು ಮಡಚುವುದನ್ನು ಅವಳಿಗೆ ತೋರಿಸಿದೆ. ತಲೆತುಂಬ ಸೆರಗು ಹೊದ್ದು ಬಾಗಿಲ ಹತ್ತಿರ ನಿಂತವಳು ಎಲ್ಲಕ್ಕೂ "ಹೂಂ ರೀ" ಅಂದಳು. ಮಾಡಿ ತೋರಿಸು ಅನ್ನಬೇಕಿತ್ತು. ಭಾಲ್ಕಿ ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಿಟ್ಟೆ.

ಹದಿನೈದು ದಿನಕ್ಕೆ ಫೋನ್ ಮಾಡಿದೆ. "ಸೊಸಿ ಬರೋಬ್ಬರಿ ಮಾಡಸ್ತಾಳ್ರಿ," ಎಂದರು ಮಾಳಪ್ಪ.

ಆರು ವಾರಕ್ಕೆ ಬಂದಾಗ ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಹಚ್ಚಿ ನೋಡಿದೆ. ಮೂವತ್ತೈದು ಡಿಗ್ರಿ. ತೊಂಬತ್ತು ದಾಟಿರಬೇಕಿತ್ತು. ನನಗೆ ರೇಗಿಹೋಯಿತು. "ಒಂದ್ ದಿನಾನರ ಈ ಕಾಲ ಮುಟ್ಟೀಯೇನ ನೀ?" ಎಂದು ಅಷ್ಟು ಜನರ ಮುಂದೆ ಸುರೇಖಾಳನ್ನು ತರಾಟೆಗೆ ತೆಗೆದುಕೊಂಡೆ. ಅವಳು ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡಳು.

ಮಾಳಪ್ಪ ಗೋಡೆ ಕಡೆ ಮುಖ ತಿರುಗಿಸಿ ಹೇಳಿದರು: "ಆಕಿಗಿ ಬೈಬ್ಯಾಡ್ರಿ. ಸೊಸಿ ಮಾವನ ಕಾಲ ಹಿಡದು ಹ್ಯಾಂಗ ಮಡಚಬೇಕ್ರಿ? ನಮ್ಮ ಮನ್ಯಾಗ ಎದುರು ಕೂಡೂದೂ ಇಲ್ಲ. ನಾನೇ ಸುಳ್ಳ ಹೇಳೀನಿ."

ಅವರ ತಲೆಯ ರುಮಾಲು ಬಿಚ್ಚಿಸಿ, ಪಾದಕ್ಕೆ ಸುತ್ತಿ, ಎರಡೂ ತುದಿ ಅವರ ಕೈಗೇ ಕೊಟ್ಟೆ. "ಎಳೀರಿ ಕಾಕಾ." ಕಾಲು ಚೂರು ಮಡಚಿತು. ಬೇರೆಯವರ ಕೈ ಬೇಕಿಲ್ಲದ ಈ ವ್ಯಾಯಾಮವನ್ನು ನಾನು ದಿನಾ ಯಾರಿಗಾದರೂ ಕಲಿಸುತ್ತಿದ್ದೆ.

"ಇದು ಮೊದಲೇ ಗೊತ್ತಿತ್ತೇನ್ರಿ ನಿಮಗ?" ಸುರೇಖಾ ಮೆಲ್ಲಗೆ ಕೇಳಿದಳು. ನಾನು ಹೂಂ ಅನ್ನಲೇಬೇಕಾಯಿತು.

ಮೂರು ತಿಂಗಳು ದುಡಿದೆವು. ಕಾಲು ಎಂಬತ್ತು ಡಿಗ್ರಿಗೆ ನಿಂತಿತು. ನಡೆದಾಡಲು ಅಡ್ಡಿಯಿಲ್ಲ, ಕುಕ್ಕರಗಾಲು ಮಾತ್ರ ಆಗಲಿಲ್ಲ.

ಮರುವರ್ಷ ಮನಸ್ಸು ತಡೆಯದೆ ಡಾಬಕಾಕ್ಕೆ ಹೋದೆ. ಹಟ್ಟಿಯಲ್ಲಿ ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು. ಮಾವನ ಎದುರು ಕೂಡದ ಸೊಸೆ ಈಗ ಅವರ ಕಾಲ ಬಳಿಯೇ ಕುಕ್ಕರಗಾಲಲ್ಲಿ ಕೂತಿದ್ದಳು. "ಮುಂಗಾಲ ಹುಡುಕವ್ವ, ಜಗ್ಗಬ್ಯಾಡ," ಎನ್ನುತ್ತ ಖುರ್ಚಿಯ ಮೇಲಿನ ಮಾಳಪ್ಪನವರ ಬೆರಳುಗಳು ಗಾಳಿಯಲ್ಲಿ ಆಡುತ್ತಿದ್ದವು. ಮರಿ ಸತ್ತೇ ಹೊರಬಂತು. ಅವರು ನನ್ನ ಕಡೆ ನೋಡದೆ, "ಚಾ ಕುಡದು ಹೋಗ್ರಿ," ಎಂದರು.

ಯಾವ ರೋಗಿಯನ್ನೂ ಮನೆಗೆ ಕಳಿಸುವ ಮೊದಲು ಈಗ ಕೇಳುತ್ತೇನೆ: ಮನೆಯಲ್ಲಿ ಇವರನ್ನು ಮುಟ್ಟುವವರು ಯಾರು? ಅಷ್ಟನ್ನು ಮಾಳಪ್ಪ ಕಾಕಾಗೆ ಕೇಳಲಿಲ್ಲವಲ್ಲ ಎಂಬ ಸಂಕಟ ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ.