ಮೋನಪ್ಪಣ್ಣನಿಗೆ ಕೊಡದ ಒಂದು ರೌಂಡು

ಕ್ರಿಸ್‌ಮಸ್ ರಜೆಯ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ಮೂಡುಬಿದಿರೆಯಿಂದ ಸೈಕಲ್ ಏರಿ ಹೊರಟೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಮ್ಮ ಶಾಲೆಯ ಮೇಷ್ಟ್ರುಗಳೆಲ್ಲ ಸ್ಕೂಟರ್ ಕೊಂಡಿದ್ದ ಕಾಲದಲ್ಲಿ ನನಗೆ ಮಾತ್ರ ಸೈಕಲ್ಲಿನ ಹುಚ್ಚು. ಬಂಟ್ವಾಳದ ಮೇಲೆ ಹೋಗಿ ಬೆಳ್ತಂಗಡಿಯಲ್ಲಿ ರಾತ್ರಿ ಉಳಿಯುವುದು, ಮರುದಿನ ಮುಂಡಾಜೆ ದಾಟಿ ಚಾರ್ಮಾಡಿ ಘಾಟಿಯ ಬುಡ ಮುಟ್ಟಿ ವೇಣೂರಿನ ದಾರಿಯಾಗಿ ಮನೆಗೆ ಬರುವುದು ಎಂದು ಲೆಕ್ಕ ಹಾಕಿದ್ದೆ.

ಸೈಕಲ್ ನನ್ನದಲ್ಲ, ತೋಡಾರಿನ ಹಮೀದನದು. ಒಂದನೇ ಕ್ಲಾಸಿನಿಂದ ನನ್ನ ಜೊತೆ ಓದಿದ ಹಮೀದ್ ದುಬೈಯಲ್ಲಿ ಕೆಲಸದಲ್ಲಿದ್ದ. ಹಿಂದಿನ ರಜೆಗೆ ಬಂದಾಗ ಅಲ್ಲಿಂದ ಇದನ್ನು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ತಂದಿದ್ದ. ಬಾಗಿದ ಹ್ಯಾಂಡಲ್, ಬೆರಳಿನಷ್ಟು ಸಪೂರ ಟಯರ್, ಹಿಂದಿನ ಚಕ್ರದಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಎಂಟು ಹಲ್ಲುಚಕ್ರ. ಅವುಗಳ ಕೆಳಗೆ ಎರಡು ಪುಟ್ಟ ಗಾಲಿ ಹೊತ್ತು ಜೋತುಬಿದ್ದ ಒಂದು ತೋಳು ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ದಾಟಿಸುತ್ತಿತ್ತು. ಅದಕ್ಕೆ ಡಿರೈಲರ್ ಎನ್ನುತ್ತಾರೆಂದು ಹಮೀದನೇ ಹೇಳಿಕೊಟ್ಟದ್ದು. ವಿಮಾನ ಹತ್ತುವ ಮುಂಚೆ ಸೈಕಲ್ಲನ್ನು ನನ್ನ ವಶಕ್ಕೆ ಕೊಟ್ಟು, “ಬೇಕಾದಷ್ಟು ಬಿಡು. ಗೇರಿಗೆ ಮಾತ್ರ ಗೊತ್ತಿಲ್ಲದವರನ್ನು ಕೈ ಹಾಕ್ಲಿಕ್ಕೆ ಬಿಡ್ಬೇಡ ಮಾರಾಯ” ಎಂದಿದ್ದ. ಬರುವ ತಿಂಗಳು ಅವನಿಗೆ ಮತ್ತೆ ರಜೆ. ಅಷ್ಟರೊಳಗೆ ಒಂದು ದೊಡ್ಡ ಸವಾರಿ ಮಾಡಿಬಿಡಬೇಕೆಂಬ ಆಸೆ ನನ್ನದು.

ಸಿದ್ದಕಟ್ಟೆಯಲ್ಲಿ ಚಾ ಕುಡಿಯಲು ನಿಂತೆ. ಈ ಸೈಕಲ್ಲಿಗೆ ಸ್ಟ್ಯಾಂಡ್ ಎಂಬುದಿಲ್ಲ. ಹೋಟೆಲಿನ ಕೆಂಪು ಕಲ್ಲಿನ ಗೋಡೆಗೆ ಒರಗಿಸಿ ಒಳಗೆ ಹೋಗಿ ಉಪ್ಪಿಟ್ಟಿಗೆ ಅವಲಕ್ಕಿ ಬೆರೆಸಿದ ಸಜ್ಜಿಗೆ ಬಜಿಲ್ ಬಾಯಿಗಿಡುವಷ್ಟರಲ್ಲಿ ಹೊರಗೆ ಧಡಾರೆಂದಿತು. ಓಡಿಬಂದು ನೋಡಿದರೆ ಚೈನಿನ ಬದಿ ಕೆಳಗಾಗಿ ಬಿದ್ದಿತ್ತು. ಸೈಕಲ್ ಬಿದ್ದರೆ ನಾವು ಮಾಡುವುದು ಒಂದೇ: ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿ ನೆಟ್ಟಗೆ ಮಾಡುವುದು. ಅಪ್ಪ ಮಾಡುತ್ತಿದ್ದರು, ನಾನೂ ಮಾಡಿದೆ. ಹ್ಯಾಂಡಲ್ ಸರಿಯಾಗಿಯೇ ಇತ್ತು. ಹಿಂದೆ ಬಗ್ಗಿ ನೋಡಬೇಕೆಂದು ತೋಚಲೇ ಇಲ್ಲ. ನಮ್ಮ ಸೈಕಲ್ಲುಗಳ ಹಿಂದೆ ಬಾಗುವಂಥದ್ದು ಏನಿರುತ್ತದೆ? ದೇವರು ಕಾಪಾಡಿದ ಎಂದುಕೊಂಡು ತಣ್ಣಗಾದ ಚಾ ಕುಡಿದು ಹೊರಟೆ.

ಬಂಟ್ವಾಳ ಪೇಟೆ ತಲುಪುವಾಗ ಹಿಂದಿನಿಂದ ಟಿಕ್ ಟಿಕ್ ಎಂಬ ಸದ್ದು ಬರತೊಡಗಿತ್ತು. ಎಣ್ಣೆ ಕಡಿಮೆಯಾಗಿರಬೇಕು ಎಂದು, ನೇತ್ರಾವತಿಯ ಕಡೆಗೆ ಇಳಿಯುವ ಓಣಿಯಲ್ಲಿ ಕಂಡ ಸೈಕಲ್ ಅಂಗಡಿಯ ಮುಂದೆ ಇಳಿದೆ. ಅಂಗಡಿಯ ಗೋಡೆಯ ಮೇಲೆ ಎದೆಮಟ್ಟಕ್ಕೆ ಹಳೆಯ ನೆರೆಯ ಗುರುತಿತ್ತು. ಒಳಗಿದ್ದವರು ಮೋನಪ್ಪ. ಅರುವತ್ತು ದಾಟಿದ ವಯಸ್ಸು, ಗ್ರೀಸು ಹಿಡಿದ ಖಾಕಿ ಚಡ್ಡಿ. ನಾನು ಮೇಷ್ಟ್ರು ಎಂದು ತಿಳಿದ ಕೂಡಲೇ ತುಳು ಬಿಟ್ಟು ನಿಧಾನವಾಗಿ ಕನ್ನಡ ಶುರುಮಾಡಿದರು. ನಮ್ಮ ಕಡೆ ಮೇಷ್ಟ್ರಿಗೆ ಅದೊಂದು ಮರ್ಯಾದೆ.

“ಎರಡು ಹನಿ ಎಣ್ಣೆ ಬಿಡಿ ಸಾಕು” ಎಂದೆ.

ಅವರು ಎಣ್ಣೆಯ ಡಬ್ಬಿ ಮುಟ್ಟಲಿಲ್ಲ. ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ನೆಟ್ಟಗಿನ ಒಂದು ಸೈಕಲ್ ಕಡ್ಡಿಯನ್ನು ಕಣ್ಣ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ ಆ ತೋಳನ್ನೇ ನೋಡಿದರು. ಪೆಡಲನ್ನು ಕೈಯಲ್ಲಿ ತಿರುಗಿಸಿದರು. ಮತ್ತೆ ನೋಡಿದರು.

“ಗೇರ್ ಸೈಕಲ್ ಚಿತ್ರದಲ್ಲಿ ನೋಡಿದ್ದು, ಕೈಯಲ್ಲಿ ಮುಟ್ಟಿದ್ದು ಇವತ್ತೇ” ಎಂದರು. “ಆದ್ರೆ ಒಂದು ಗೊತ್ತಾಗ್ತದೆ ಮಾಷ್ಟ್ರೇ. ಈ ಎರಡು ಚಿಕ್ಕ ಗಾಲಿ ಹಲ್ಲಿನ ಕೆಳಗೆ ನೆಟ್ಟಗೆ ನಿಲ್ಬೇಕು. ಕೆಳಗಿನದ್ದು ಒಳಗೆ ವಾಲಿದೆ. ಎಲ್ಲಿಯಾದ್ರೂ ಬಿದ್ದದ್ದುಂಟಾ?”

“ಹಾಗೇನಿಲ್ಲ” ಎಂದೆ. ಯಾಕೆ ಸುಳ್ಳು ಹೇಳಿದೆನೋ ಇಂದಿಗೂ ಗೊತ್ತಿಲ್ಲ.

“ಏರು ಸಿಕ್ಕಿದಾಗ ದೊಡ್ಡ ಹಲ್ಲಿಗೆ ಹಾಕಿದ್ರೆ ಇದು ಕಡ್ಡಿಗೆ ತಾಗ್ತದೆ. ಅರ್ಧ ಗಂಟೆ ಕೊಡಿ, ಮೆಲ್ಲ ನೆಟ್ಟಗೆ ಮಾಡಿ ಕೊಡ್ತೇನೆ.”

ಹಮೀದನ ಮಾತು ನೆನಪಾಯಿತು. ಚಿತ್ರದಲ್ಲಿ ಮಾತ್ರ ಗೇರ್ ಕಂಡವರಿಗೆ ಇದನ್ನು ಕೊಡುವುದೇ? “ಬೇಡ, ಇದರ ಕ್ರಮವೇ ಬೇರೆ” ಎಂದೆ, ನನಗೇ ಎಲ್ಲ ಗೊತ್ತಿರುವವನ ಹಾಗೆ. ಮೋನಪ್ಪಣ್ಣ ಬೇಸರಿಸಲಿಲ್ಲ. ಕೈ ಒರೆಸಿಕೊಂಡು, ಸ್ವಲ್ಪ ನಾಚಿಕೊಂಡೇ ಕೇಳಿದರು: “ಹಾಗಾದ್ರೆ ಒಂದು ರೌಂಡು ಬಿಟ್ಟು ನೋಡ್ಲಾ? ಸೇತುವೆವರೆಗೆ ಹೋಗಿ ಬರುವುದು ಅಷ್ಟೇ. ಗೇರ್ ಬದಲಿಸುವಾಗ ಕಾಲಿಗೆ ಹೇಗೆ ಆಗ್ತದೆ ಅಂತ ನೋಡ್ಬೇಕಿತ್ತು. ನಲ್ವತ್ತು ವರ್ಷ ಇದೇ ಕೆಲಸ ಮಾಡಿದ್ದು ನಾನು.”

ನಾನು ಗಡಿಯಾರ ನೋಡಿದೆ. “ಬೆಳ್ತಂಗಡಿ ದೂರ ಉಂಟಲ್ಲ, ಬಿಸಿಲು ಏರ್ತದೆ. ಇನ್ನೊಮ್ಮೆ ನೋಡುವ” ಎಂದು ಹೊರಟೇಬಿಟ್ಟೆ. ಹೊರಡುವ ಮುಂಚೆ ಅವರ ಡಬ್ಬಿಯಿಂದ ಎರಡು ಹನಿ ಎಣ್ಣೆಯನ್ನು ನಾನೇ ಬಿಟ್ಟುಕೊಂಡಿದ್ದೆ.

ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ಮೂವತ್ತು ಚಿಲ್ಲರೆ ಕಿಲೋಮೀಟರು, ಪೂರಾ ಏರಿಳಿತ. ಟಿಕ್ ಟಿಕ್ ನಿಲ್ಲಲಿಲ್ಲವಾದರೂ ನಡುವಿನ ಗೇರುಗಳಲ್ಲಿ ಸೈಕಲ್ ಚೆನ್ನಾಗಿಯೇ ಓಡಿತು. ಮಡಂತ್ಯಾರಿನಲ್ಲಿ ಗೋಲಿ ಸೋಡಾ ಕುಡಿಯುತ್ತ ಮೋನಪ್ಪಣ್ಣನ ಮಾತು ನೆನೆದು ನಕ್ಕದ್ದೂ ಉಂಟು. ಎರಡು ಗಂಟೆಗೆ ಬೆಳ್ತಂಗಡಿ ಸೇರಿ ಗಂಜಿ ಉಂಡು ಲಾಡ್ಜಿನಲ್ಲಿ ಮಲಗಿದೆ.

ಭಾನುವಾರ ಬೆಳಿಗ್ಗೆ ಉಜಿರೆ ದಾಟಿದ ಮೇಲೆ ಮಂಜು ಕರಗಿ ಘಟ್ಟದ ಸಾಲು ನೀಲಿಯಾಗಿ ಕಂಡಿತು. ಮುಂಡಾಜೆಗೆ ಸ್ವಲ್ಪ ಮೊದಲು ಏರೊಂದು ಬಂತು. ಉಸಿರು ಕಟ್ಟಿ ಮೊದಲ ಬಾರಿಗೆ ಎಲ್ಲಕ್ಕಿಂತ ದೊಡ್ಡ ಹಲ್ಲಿಗೆ ಹಾಕಿದೆ. ಕರ್ರ್ ಎಂಬ ಸದ್ದು, ಹಿಂದಿನ ಚಕ್ರ ಗಕ್ಕನೆ ನಿಂತಿತು, ನಾನು ರಸ್ತೆಯ ಬದಿಯಲ್ಲಿದ್ದೆ. ಮೊಣಕೈ ತರಚಿತ್ತು. ತೋಳು ಕಡ್ಡಿಗಳ ಒಳಗೆ ನುಗ್ಗಿ, ಅದನ್ನು ಹಿಡಿದಿದ್ದ ಅಲ್ಯೂಮಿನಿಯಮ್ಮಿನ ಕಿವಿ ಮುರಿದು, ಮೂರು ಕಡ್ಡಿ ಬಾಗಿದ್ದವು. ಮೋನಪ್ಪಣ್ಣ ಹೇಳಿದ್ದಕ್ಕೂ ನಡೆದದ್ದಕ್ಕೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಚಾರ್ಮಾಡಿಯ ಕಡೆ ಒಮ್ಮೆ ನೋಡಿ ಹಿಂದಕ್ಕೆ ತಿರುಗಿದೆ.

ಸೈಕಲ್ಲನ್ನು ಬಸ್ಸಿನ ಟಾಪಿಗೇರಿಸಿ ಬೆಳ್ತಂಗಡಿಗೆ ಬಂದೆ. ಅಲ್ಲಿಯ ರಿಪೇರಿಯವರು ನೋಡಿದವರೇ ಕೈ ಹಿಂದೆಗೆದರು. “ಇದು ನನ್ನಿಂದ ಆಗುವುದಿಲ್ಲ ಮಾರಾಯ್ರೆ. ಬಂಟ್ವಾಳದಲ್ಲಿ ಮೋನಪ್ಪಣ್ಣ ಅಂತ ಇದ್ದಾರೆ. ಸುತ್ತಮುತ್ತ ಇಂಥದ್ದು ನೋಡುವ ಕಣ್ಣು ಅವರಿಗೇ ಇರುವುದು.”

ಬಸ್ ನಿಲ್ದಾಣದ ಬಳಿಯ ಬೂತಿನಿಂದ ದುಬೈಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಬಿದ್ದದ್ದನ್ನೂ, ಸುಳ್ಳು ಹೇಳಿದ್ದನ್ನೂ. ಹಮೀದ್ ಬೈಯಲಿಲ್ಲ. “ಪಾರ್ಟು ನಾನು ತರ್ತೇನೆ, ಬಿಡು” ಎಂದ. ಫೋನ್ ಇಡುವ ಮುಂಚೆ, “ಗೊತ್ತಿಲ್ಲದವರಿಗೆ ಕೊಡ್ಬೇಡ ಅಂತ ಹೇಳಿದ್ದು ನಾನು. ಅವರಿಗೆ ಗೊತ್ತಿತ್ತಲ್ಲ ಮಾರಾಯ” ಎಂದ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಬಸ್ಸಿಳಿದು ಬಂಟ್ವಾಳದ ಅದೇ ಓಣಿಗೆ ಸೈಕಲ್ ಹೊತ್ತುಕೊಂಡು ಬಂದೆ. ಮೋನಪ್ಪಣ್ಣ ನನ್ನ ಮೊಣಕೈ ನೋಡಿ ಮೊದಲು ನೀರು ಕೊಟ್ಟರು. “ಮಾಷ್ಟ್ರೇ, ಗೇರು ಇನ್ನು ಆಗ್ಲಿಕ್ಕಿಲ್ಲ. ಮನೆಗೆ ಮುಟ್ಟುವ ಹಾಗೆ ಮಾಡಿ ಕೊಡ್ತೇನೆ” ಎಂದರು. ಮುರಿದ ತೋಳನ್ನು ಬಿಚ್ಚಿ ಬದಿಗಿಟ್ಟರು. ಚೈನಿನ ಪಿನ್ನು ಹೊಡೆದು ತೆಗೆದು, ಕೊಂಡಿಗಳನ್ನು ಕಡಿಮೆ ಮಾಡಿ, ನಡುವಿನ ಹಲ್ಲಿಗೆ ಸುತ್ತಿ ನೋಡಿದರು. ಸಡಿಲಾಯಿತು. ನಮ್ಮ ಸೈಕಲ್ಲಿನ ಹಾಗೆ ಚಕ್ರವನ್ನು ಹಿಂದಕ್ಕೆ ಜಗ್ಗಿ ಬಿಗಿ ಮಾಡಲು ಇದರಲ್ಲಿ ಜಾಗವಿರಲಿಲ್ಲ. ಆದ್ದರಿಂದ ಒಂದೊಂದೇ ಹಲ್ಲಿಗೆ ಹಾಕಿ ನೋಡುತ್ತಾ ಹೋಗಿ, ಎಲ್ಲಿ ಚೈನು ತಾನಾಗಿ ಬಿಗಿಯಾಗಿ ಕೂತಿತೋ ಅಲ್ಲಿಗೇ ಜೋಡಿಸಿದರು. ಕಡ್ಡಿಗಳನ್ನು ನೆಟ್ಟಗೆ ಮಾಡಿ ಚಕ್ರದ ಬೆಂಡ್ ತೆಗೆದರು. ಒಂದೂವರೆ ಗಂಟೆ ಅವರು ತಲೆ ಎತ್ತಲಿಲ್ಲ.

ಕೆಲಸ ಮುಗಿಯುವವರೆಗೂ ನಾನು ಒಂದು ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕಾದಿದ್ದೆ. “ಮೋನಪ್ಪಣ್ಣ, ಸೇತುವೆವರೆಗೆ ಒಂದು ರೌಂಡು ಬಿಟ್ಟು ಬನ್ನಿ” ಎಂದೆ.

ಅವರು ನಕ್ಕರು. ನೋಯಿಸಬೇಕೆಂಬ ನಗು ಅಲ್ಲ ಅದು. “ಈಗ ಎಂತಕ್ಕೆ ಮಾಷ್ಟ್ರೇ? ಈಗ ಇದೂ ನಮ್ಮ ಸೈಕಲ್ಲಿನ ಹಾಗೆಯೇ ಆಯ್ತಲ್ಲ. ಇಂಥದ್ದು ನಾನು ತುಂಬ ಬಿಟ್ಟಿದ್ದೇನೆ.”

ಹಮೀದ್ ಹೊಸ ಪಾರ್ಟು ತಂದಾಗ ಸೈಕಲ್ ಇಲ್ಲಿಗೇ ತರುತ್ತೇನೆ ಎಂದು ಹೇಳಲು ಹೊರಟೆ. ನಿನ್ನೆ “ಇನ್ನೊಮ್ಮೆ ನೋಡುವ” ಎಂದವನೂ ನಾನೇ ಅಲ್ಲವೇ ಎಂದು ನಾಲಿಗೆ ಏಳಲಿಲ್ಲ. ಮುರಿದ ತೋಳನ್ನು ಚೀಲಕ್ಕೆ ಹಾಕಲು ಹೋದಾಗ ಅವರು, “ಅದು ನಿಮಗೆ ಬೇಡ ಅಂತಾದ್ರೆ ಇಲ್ಲಿ ಇರ್ಲಿ” ಎಂದರು. ಕೊಟ್ಟೆ.

ನಾಲ್ಕಕ್ಕೆ ಮನೆಯ ಕಡೆ ಹೊರಟೆ. ಓಣಿಯ ತಿರುವಿನಲ್ಲಿ ಹಿಂದೆ ನೋಡಿದೆ. ಮೋನಪ್ಪಣ್ಣ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮುರಿದ ಗೇರನ್ನು ಬೆಳಕಿಗೆ ಹಿಡಿದು, ಅದರ ಪುಟ್ಟ ಗಾಲಿಯನ್ನು ಒಂದು ಬೆರಳಿನಿಂದ ತಿರುಗಿಸುತ್ತಿದ್ದರು.