ಎರಡು ವರ್ಷದ ಪಾಠಶಾಲೆ

ಒಂಬತ್ತನೇ ತರಗತಿಯವರೆಗೆ ಮೇಘನ ಥ್ರೋಬಾಲ್ ಆಡುತ್ತಿದ್ದಳು. ತಾಲ್ಲೂಕು ಮಟ್ಟದಲ್ಲಿ ಗೆದ್ದ ಸರ್ಟಿಫಿಕೇಟೂ ಒಂದಿತ್ತು. ಹತ್ತನೇ ತರಗತಿಗೆ ಬಂದ ವಾರವೇ ಅವಳ ತಾಯಿ ಸುನಂದ, "ಚೆಂಡು ಹಿಡಿದ್ರೆ ಮಾರ್ಕ್ಸ್ ಬರಲ್ಲ ಕಣೇ" ಎಂದು ಆಟ ಬಿಡಿಸಿದಳು. ಅಲ್ಲಿಂದ ಮುಂದೆ ಓದಿದ್ದೇ ಓದಿದ್ದು. ವೇಮಗಲ್ ಹತ್ತಿರದ ಆ ಊರಿನಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತಾರು ಪರ್ಸೆಂಟ್ ತೆಗೆದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ.

ಎರಡನೇ ಪಿಯುಸಿಯಲ್ಲಿದ್ದಾಗ ಬೆಂಗಳೂರಿನ ಆಚೆಗಿನ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕೆನಿಸಿತು. ಸಾವಿರಾರು ಮಂದಿಯಲ್ಲಿ ಕೆಲವರನ್ನಷ್ಟೇ ಆರಿಸುತ್ತಾರೆ. ಆಯ್ಕೆಯಾದ ಹಳ್ಳಿಯ ಮಕ್ಕಳಿಗೆ ಓದು, ಊಟ, ಹಾಸ್ಟೆಲ್ ಎಲ್ಲ ಉಚಿತ. ಕೋಲಾರದಲ್ಲಿ ಅರ್ಜಿ ತುಂಬಿಕೊಡುವ ಶ್ರೀಧರ್ ಎಂಬಾತ ಅವಳ ಕಾಗದಗಳನ್ನು ತಿರುವಿ ಹಾಕಿ ತುಟಿ ಕಚ್ಚಿದ.

"ಮಾರ್ಕ್ಸ್ ಎಲ್ರಿಗೂ ಇರುತ್ತಮ್ಮ. ಓದು ಬಿಟ್ಟು ಇನ್ನೇನು ಮಾಡಿದ್ದೀಯ ಅಂತ ಕೇಳ್ತಾರೆ. ಮೂರು ವರ್ಷದಿಂದ ಏನೂ ಇಲ್ವಲ್ಲ?"

"ಓದಿದೀನಿ ಸರ್."

"ಊರಿನ ಮಕ್ಕಳಿಗೆ ಪಾಠ ಹೇಳ್ಕೊಡ್ತೀನಿ ಅಂತ ಬರಿ. ಎರಡು ವರ್ಷದಿಂದ."

ಮೇಘನ ಬರೆದಳು. ಮುಂದಿನ ಭಾನುವಾರ ಸಾಯಂಕಾಲ ಶ್ರೀಧರ್ ಊರಿಗೇ ಬಂದ. ಭಜನೆಮನೆಯಲ್ಲಿ ಹದಿನಾರು ಮಕ್ಕಳನ್ನು ಕೂರಿಸಿ, ಬಿಸ್ಕತ್ತು ಹಂಚಿ, ಫೋಟೋ ತೆಗೆದ. ಆಮೇಲೆ ಮಕ್ಕಳನ್ನು ಮನೆಗೆ ಕಳಿಸಿ ಬೇರೆ ಬಟ್ಟೆ ಹಾಕಿಸಿಕೊಂಡು ಬರಲು ಹೇಳಿದ. ಹೀಗೆ ಫೋಟೋಗಳಲ್ಲಿ ಒಂದೇ ಸಂಜೆ ಮೂರು ದಿನಗಳಾದವು.

ಮಾರನೇ ದಿನ ಸಂಜೆ, ಟೊಮೇಟೊ ತೋಟಗಳಲ್ಲಿ ಕೂಲಿ ಮಾಡುವ ಎಲ್ಲಮ್ಮನ ಮಗಳು ರಾಧಾ ಮೇಘನಳ ಮನೆಯ ಗೇಟಿನ ಹತ್ತಿರ ಬಂದು ನಿಂತಿದ್ದಳು. ಫೋಟೋಗೆ ಕೂತಿದ್ದವರಲ್ಲಿ ಒಬ್ಬಳು, ಏಳು ವರ್ಷದ ಹುಡುಗಿ. ಕೈಯಲ್ಲಿ ಸ್ಲೇಟು.

"ಅಕ್ಕಾ, ಇವತ್ತು ಪಾಠ ಇಲ್ವಾ?"

"ಇಲ್ಲ, ನಂಗೆ ಪರೀಕ್ಷೆ ಇದೆ. ಹೋಗು."

ಅವಳು ಮರುದಿನವೂ ಬಂದಳು. ಅದರ ಮರುದಿನವೂ. ಕರೆಯುತ್ತಿರಲಿಲ್ಲ, ಸುಮ್ಮನೆ ನಿಂತಿರುತ್ತಿದ್ದಳು. ಮೇಘನ ಕಿಟಕಿಯ ಬಾಗಿಲು ಹಾಕಿಕೊಂಡು ಓದತೊಡಗಿದಳು. ಹಾಕಿದ ಬಾಗಿಲಿನಾಚೆ ಹುಡುಗಿ ಇದ್ದಾಳೋ ಹೋದಳೋ ಎಂಬ ಯೋಚನೆಯಲ್ಲಿ ಒಂದೇ ಪುಟವನ್ನು ನಾಲ್ಕು ಸಲ ಓದುತ್ತಿದ್ದಳು.

ಜನವರಿಯಲ್ಲಿ ಮೊದಲ ಸುತ್ತಿನ ಪಟ್ಟಿ ಬಂತು. ಅವಳ ಹೆಸರಿತ್ತು. ಸುನಂದ ಬೀದಿಗೆಲ್ಲ ಸಕ್ಕರೆ ಹಂಚಿದಳು. ಎರಡು ದಿನ ಬಿಟ್ಟು ಫೋನ್ ಬಂತು: ಶನಿವಾರ ಇಬ್ಬರು ಬಂದು ಪಾಠಶಾಲೆ ನೋಡುತ್ತಾರೆ.

ಶ್ರೀಧರ್ ಹೆದರಲಿಲ್ಲ. ಶುಕ್ರವಾರ ಬಂದು ಮಕ್ಕಳಿಗೆಲ್ಲ ಹೇಳಿಕೊಟ್ಟ: "ಯಾರು ಕೇಳಿದ್ರೂ ಎರಡು ವರ್ಷ ಅನ್ಬೇಕು. ಗೊತ್ತಾಯ್ತಾ?" ಎಲ್ಲರಿಗಿಂತ ಜೋರಾಗಿ ಕೂಗಿ ಹೇಳಿದವಳು ರಾಧಾ.

ಶನಿವಾರ ಬಂದವರು ಒಬ್ಬ ವಯಸ್ಸಾದ ಮೇಡಂ ಮತ್ತು ಅವರ ಜೊತೆಗೊಬ್ಬ ಅಧಿಕಾರಿ. ಮೇಡಂ ಭಜನೆಮನೆಯ ನೆಲದ ಮೇಲೇ ಕೂತು ಮಕ್ಕಳ ಜೊತೆ ಹರಟಿದರು. ಮುಂದೆ ಕೂತಿದ್ದ ರಾಧಾಳ ಕೈಗೆ ಬಳಪ ಕೊಟ್ಟು, "ನಿನ್ನ ಹೆಸರು ಬರಿ ನೋಡೋಣ" ಎಂದರು.

ರಾಧಾ ಬಳಪ ಹಿಡಿದಳು. ಒಂದು ಗೆರೆ ಎಳೆದಳು. ಆಮೇಲೆ ಮೇಘನಳ ಮುಖ ನೋಡಿದಳು.

"ಇವಳು ಹೊಸಬಳು ಮೇಡಂ," ಎಂದಳು ಮೇಘನ ಅವಸರದಲ್ಲಿ. "ಹೋದ ವಾರ ಸೇರಿದ್ಲು."

"ಇಲ್ಲ!" ರಾಧಾ ಎದ್ದು ನಿಂತಳು. "ನಾನು ಎರಡು ವರ್ಷದಿಂದ ಬರ್ತಿದೀನಿ!"

ಮೇಡಂ ಮತ್ತೇನೂ ಕೇಳದೆ ಫೈಲು ಮುಚ್ಚಿದರು. ಸುನಂದ ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಹೋಗಿಬರುತ್ತೇವೆಂದು ಹೇಳಿ ಹೊರಟರು. ಬೈದಿದ್ದರೆ ಚೆನ್ನಾಗಿತ್ತು ಎಂದು ಮೇಘನಳಿಗೆ ಅನ್ನಿಸಿತು.

ಹತ್ತು ದಿನಕ್ಕೆ ಪತ್ರ ಬಂತು. ಆಯ್ಕೆಯಾಗಿಲ್ಲ. ಶ್ರೀಧರ್ ಫೋನ್ ಎತ್ತುವುದನ್ನು ಬಿಟ್ಟ. ಸುನಂದ ನೀರಿಗೆ ಹೋದಲ್ಲಿ, ಅಂಗಡಿಗೆ ಹೋದಲ್ಲಿ, "ಎಲ್ಲಮ್ಮನ ಮಗಳು ಬಾಯಿ ಮುಚ್ಕೊಂಡಿದ್ದಿದ್ರೆ ನಮ್ಮ ಹುಡುಗಿ ಬಾಳು ಹಾಳಾಗ್ತಿರಲಿಲ್ಲ" ಎನ್ನತೊಡಗಿದಳು. ಊರೂ ಅದನ್ನೇ ಹೇಳಿತು. ಗೇಟಿನ ಹತ್ತಿರ ಈಗ ಯಾರೂ ಬರುತ್ತಿರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಮೇಘನ ಎಲ್ಲಮ್ಮನ ಮನೆಗೆ ಹೋದಳು. ಎಲ್ಲಮ್ಮ ಹೊಸಿಲಲ್ಲೇ ನಿಂತಳು.

"ಅಯ್ಯೋ ದೇವುಡಾ, ಇನ್ನೇನ್ ಬೇಕಮ್ಮ ನಿಂಗೆ? ನನ್ ಮಗ್ಳು ಮಾತೇ ಬಿಟ್ಟವ್ಳೆ. ಇಸ್ಕೂಲಲ್ಲಿ ಮೇಷ್ಟ್ರು ಕೇಳಿದ್ರೂ ಬಾಯಿ ಬಿಡಲ್ಲ. ಮಾತಾಡಿದ್ರೆ ತಪ್ಪಾಯ್ತದಂತೆ."

ಒಳಗೆ ರಾಧಾ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಸುಳ್ಳು ಹೇಳಿದ್ದು ನಾನು ಎಲ್ಲಮ್ಮಕ್ಕ. ಅವಳದ್ದೇನೂ ತಪ್ಪಿಲ್ಲ."

"ನನ್ ಮುಂದೆ ಹೇಳಿದ್ರೆ ಏನ್ ಬಂತು? ಊರೋರ್ ಮುಂದೆ ಹೇಳ್ತೀಯಾ?"

ಮಾರನೇ ದಿನ ಬೆಳಗ್ಗೆ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲು ನಿಂತವರ ಎದುರು ಮೇಘನ ಎಲ್ಲವನ್ನೂ ಹೇಳಿದಳು. ಬಟ್ಟೆ ಬದಲಾಯಿಸಿ ತೆಗೆದ ಫೋಟೋಗಳನ್ನೂ ಬಿಡಲಿಲ್ಲ. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿ ಸಾಲಿನಲ್ಲಿ ಮುಂದೆ ಸರಿದರು. ಸುನಂದ ಮಗಳ ಜೊತೆ ಒಂದು ತಿಂಗಳು ಮಾತು ಬಿಟ್ಟಳು.

ಮೇಘನ ಈಗ ಕೋಲಾರದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ರಾಧಾ ಶಾಲೆಗೆ ಹೋಗುತ್ತಾಳೆ. ಹಾಜರಿ ಕರೆದಾಗ ಕೈ ಎತ್ತುತ್ತಾಳೆಯೇ ಹೊರತು ಬಾಯಿ ತೆರೆಯುವುದಿಲ್ಲ. ಬೆಳಗಿನ ಬಸ್ಸಿಗೆ ಮೇಘನ ನಡೆದು ಬರುವುದು ಕಂಡರೆ ರಸ್ತೆಯ ಆಚೆ ಬದಿಗೆ ಹೋಗಿ, ಅವಳು ದಾಟಿ ಹೋಗುವವರೆಗೂ ತಲೆ ಎತ್ತುವುದಿಲ್ಲ.