ಗೋಡೆಯಾಚೆಯ ಹೆಪ್ಪು

ನಾನು ಸಾಕುವುದು ಬ್ಯಾಕ್ಟೀರಿಯಾಗಳನ್ನು. ನೆಂಟರು ಕೆಲಸವೇನೆಂದು ಕೇಳಿದರೆ 'ಎನ್ವಿರಾನ್‌ಮೆಂಟ್' ಎಂದು ದೊಡ್ಡದಾಗಿ ಹೇಳಿ ಮಾತು ತಿರುಗಿಸುತ್ತೇನೆ. ಗಲೀಜು ನೀರಿನ ತೊಟ್ಟಿ ಕಾಯುತ್ತೇನೆ ಅನ್ನಲು ಬಾಯಿ ಬರುವುದಿಲ್ಲ. ಜಿಗಣಿಯಲ್ಲಿ ಪ್ಲೈವುಡ್ಡಿಗೆ ಅಂಟು ಮಾಡುವ ಕಾರ್ಖಾನೆ ನಮ್ಮದು. ಪಾತ್ರೆ ತೊಳೆದ ನೀರಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಕಣ್ಣು ಮೂಗು ಉರಿಸುವ ವಿಷ. ನನ್ನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವುಗಳೊಳಗಿನ ಒಂದು ಕಿಣ್ವ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತದೆ. ಇರುವೆ ಕಚ್ಚಿದಾಗ ಚುರುಗುಟ್ಟಿಸುತ್ತದಲ್ಲ, ಅದೇ. ಇನ್ನೊಂದು ಕಿಣ್ವ ಆ ಆಮ್ಲವನ್ನೂ ಮುರಿದು, ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತದೆ. ಇಷ್ಟೆಲ್ಲ ಮಾಡಲು ಅವು ಕೇಳುವುದು ಹಗಲೂ ರಾತ್ರಿ ಗಾಳಿ. ಅದಕ್ಕೇ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಹಬ್ಬಕ್ಕೂ ನಿಲ್ಲುವಂತಿಲ್ಲ.

ಮಾಲೀಕರ ತಾಯಿಗೆ ಇದು ಗೊತ್ತಿರಲಿಲ್ಲ. ಕಾರ್ಖಾನೆ ನಿಂತಿರುವುದೇ ಅವರ ರಾಗಿ ಹೊಲದ ಮೇಲೆ. ಆಯುಧ ಪೂಜೆಯ ದಿನ ನೇಗಿಲು ಮುಟ್ಟದ ಮನೆತನ. ಆ ವರ್ಷ ಪೂಜೆಯಾಗಿ, ಬೂದುಗುಂಬಳ ಒಡೆದು ನಾವೆಲ್ಲ ಮನೆಗೆ ಹೋದ ಮೇಲೆ, ಅಜ್ಜಿ ವಾಚ್‌ಮನ್ ಕೈಲಿ ಬ್ಲೋವರ್ ಆಫ್ ಮಾಡಿಸಿದ್ದಾರೆ.

ಹಬ್ಬ ಮುಗಿಸಿ ಬಂದರೆ ತೊಟ್ಟಿ ಕರ್ರಗಾಗಿ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು. ನಾನು ವಾಚ್‌ಮನ್ ಮೇಲೆ ಎಗರಾಡುತ್ತಿದ್ದಾಗ ಅಜ್ಜಿ ಬಂದು ನಿಂತರು.

"ಅವನ್ನ ಬಯ್ಬೇಡ ಕಣವ್ವ, ನಾನೇ ಯೋಳಿದ್ದು. ಪಾಪ, ದಿನಾ ತಿರುಗ್ತದೆ, ಅಬ್ಬದ ದಿನ ಬಿಡುವು ಕೊಡಾನ ಅಂತ."

"ಅಜ್ಜಿ, ಅದ್ರೊಳಗೆ ಜೀವ ಇತ್ತು. ಉಸಿರುಕಟ್ಟಿ ಸತ್ತೋಯ್ತು."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಅಷ್ಟು ಒರಟಾಗಿ ಹೇಳಬೇಕಿರಲಿಲ್ಲ.

ಸಗಣಿ ಕದಡಿ ಹೊಸದಾಗಿ ಬೆಳೆಸಬಹುದಿತ್ತು. ಮಾಲೀಕರೂ ಅದನ್ನೇ ಮಾಡಿ ಅಂದರು. ಆದರೆ ಸಗಣಿಯ ಬ್ಯಾಕ್ಟೀರಿಯಾಗಳಿಗೆ ಈ ವಿಷ ಮುರಿಯುವಷ್ಟು ಕಿಣ್ವ ಇರುವುದಿಲ್ಲ. ಹನಿಹನಿಯಾಗಿ ಉಣಿಸಿ ರೂಢಿ ಮಾಡಿಸಬೇಕು, ತಿಂಗಳ ಮೇಲಾಗುತ್ತದೆ. ಅಲ್ಲಿಯವರೆಗೆ ಅಂಟು ಬೇಯಿಸುವಂತಿಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಕೆಲಸಗಾರರು ಬಾಡಿಗೆ ರೂಮಿನಲ್ಲಿ ಕೈಕಟ್ಟಿ ಕೂರಬೇಕು.

"ಮೊಸರಿದ್ದಂಗೆ ಅಜ್ಜಿ, ಆಗ್ಲೇ ಪಳಗಿರೋ ಹೆಪ್ಪು ಸಿಕ್ಕಿದ್ರೆ ಬೇಗ ಆಗುತ್ತೆ" ಎಂದೆ.

"ಎಪ್ಪು ಯಾರ ತಾವ ಅದೆ?"

ನಾನು ಕಾಂಪೌಂಡ್ ಗೋಡೆಯ ಕಡೆ ಬೆರಳು ತೋರಿಸಿದೆ. ಗೋಡೆಯಾಚೆ ಅವರ ಕಿರಿಯ ಮಗನ ಅಂಟಿನ ಕಾರ್ಖಾನೆ, ಅಲ್ಲೂ ಇಂಥದೇ ತೊಟ್ಟಿ. ಜಮೀನು ಭಾಗವಾದಾಗಿನಿಂದ ಅಣ್ಣ-ತಮ್ಮ ಹಾವು-ಮುಂಗುಸಿ. ಅವನ ಬಾಗಿಲು ತುಳಿದರೆ ನನ್ನ ಮನೆಗೆ ಬರಬೇಡ ಎಂದು ನಮ್ಮ ಮಾಲೀಕರು ತಾಯಿಗೆ ಕಟ್ಟಪ್ಪಣೆ ಮಾಡಿದ್ದು ಇಡೀ ಕಾರ್ಖಾನೆಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಮಾಲೀಕರು ಆನೇಕಲ್ಲಿಗೆ ಹೋಗಿದ್ದ ಒಂದು ಮಧ್ಯಾಹ್ನ ಅಜ್ಜಿ ನನ್ನ ಜೊತೆ ಟೆಂಪೋ ಹತ್ತಿದರು. ಹಿಂದೆ ಖಾಲಿ ಡ್ರಮ್ಮುಗಳು. ಕಿರಿಯ ಮಗ ಗೇಟಿನಲ್ಲೇ ಸಿಕ್ಕರು. ಅಜ್ಜಿ ನೆಲ ನೋಡುತ್ತಾ ಹೆಪ್ಪು ಕೇಳಿದರು. ಮಗ ಖಾಲಿ ಡ್ರಮ್ಮುಗಳ ಕಡೆ ನೋಡಿದರು.

"ನನ್ ಮಗಳ ಮದ್ವೆಗೆ ಬರ್ಲಿಲ್ಲ ನೀನು. ಈ ಕೊಚ್ಚೆ ನೀರಿಗೆ ಬಂದ್ಯೇನವ್ವ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುಚ್ಚಳ ತೆಗೆಯುವ ನೆಪ ಮಾಡಿಕೊಂಡು ಡ್ರಮ್ಮುಗಳ ಹಿಂದೆ ಸರಿದೆ. ಕಿರಿಯ ಮಗ ಕೇಳಿದ್ದಕ್ಕಿಂತ ಹೆಚ್ಚೇ ತುಂಬಿಸಿದರು. ತಾಯಿಯನ್ನು ಒಳಗೆ ಬಾ ಎಂದು ಮಾತ್ರ ಕರೆಯಲಿಲ್ಲ.

"ದೊಡ್ಡೋನ್ಗೆ ಯೋಳ್ಬೇಡ ಕಣವ್ವ" ಎಂದರು ಅಜ್ಜಿ, ವಾಪಸು ಬರುವಾಗ. ಮಾತು ಕೊಟ್ಟೆ.

ತೊಟ್ಟಿ ಮತ್ತೆ ಕಂದುಬಣ್ಣಕ್ಕೆ ತಿರುಗಿತು, ನಾತ ಹೋಯಿತು, ಕೆಲಸಗಾರರು ಬಂದರು. ಎಲ್ಲ ಸಗಣಿಯಿಂದಲೇ ಆಯಿತೆಂದು ನಂಬಿದ ಮಾಲೀಕರು ಖುಷಿಯಾಗಿ ನನ್ನನ್ನು ಮನೆಗೆ ಊಟಕ್ಕೆ ಕರೆದರು. ಅಜ್ಜಿಯೇ ಮುದ್ದೆ ಇಟ್ಟು ಸಾರು ಬಡಿಸುತ್ತಿದ್ದರು.

"ನೋಡವ್ವ, ನಿನ್ ಕಿರೀಮಗನ ಬಾಗ್ಲು ತಟ್ಟದೇನೆ ನಮ್ ಮೇಡಂ ಎಂಗೆ ಬದುಕಿಸ್ಬಿಟ್ರು!"

ಅಜ್ಜಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಅವರು ಮುಖ ಎತ್ತಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಲು ನಾನು ಬಾಯಿ ಮುಚ್ಚಿಕೊಂಡು ಉಂಡಿದ್ದರೆ ಸಾಕಿತ್ತು. ನಾನು ನಕ್ಕು, "ಥ್ಯಾಂಕ್ಸ್ ಸಾರ್" ಅಂದೆ.